ಮೆಷಿನ್ ಇದೆ, ಲೋಡ್ ಇಲ್ಲ: ಜಾಬ್‌ವರ್ಕ್ ಶೆಡ್‌ಗೆ ಹೊಸ ಪಾರ್ಟಿ ಹುಡುಕುವ ಬಗೆ

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್. ಪ್ರಶ್ನೆ ಎಲ್ಲಿಂದ ಬಂದರೂ ಧಾಟಿ ಒಂದೇ. "ಎರಡು ಸಿಎನ್‌ಸಿ ಹಾಕಿದೀನಿ. ಇಎಂಐ ಓಡ್ತಿದೆ, ಮೆಷಿನ್ ಓಡ್ತಿಲ್ಲ. ಹೊಸ ಪಾರ್ಟಿ ಎಲ್ಲಿ ಸಿಗ್ತಾರೆ?" ಸಿಎನ್‌ಸಿ ಎಂದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ ಮೆಷಿನ್, ಪಾರ್ಟಿ ಎಂದರೆ ಕೆಲಸ ಕೊಡುವ ಗಿರಾಕಿ, ಲೋಡ್ ಎಂದರೆ ಮೆಷಿನ್‌ಗೆ ಸಿಗುವ ಕೆಲಸ. ಹೀಗೆ ಕೇಳುವವರಲ್ಲಿ ಹೆಚ್ಚಿನವರು ಪಳಗಿದ ಕೆಲಸಗಾರರು. ಅಳತೆಯಲ್ಲಿ ಹತ್ತು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಹಿಡಿ ಎಂದರೆ ಹಿಡಿಯುತ್ತಾರೆ, ಗುರುತಿಲ್ಲದ ಗೇಟಿನ ಮುಂದೆ ನಿಂತು ಮಾತು ಶುರು ಮಾಡು ಎಂದರೆ ನಾಲಿಗೆ ಏಳುವುದಿಲ್ಲ. ಈ ಲೇಖನ ಅವರಿಗಾಗಿ. ಹತ್ತು ಜನರೊಳಗಿನ ಮೆಷಿನಿಂಗ್ ಶೆಡ್ಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಫ್ಯಾಬ್ರಿಕೇಷನ್, ಶೀಟ್ ಮೆಟಲ್, ಮೋಲ್ಡಿಂಗ್ ಮಾಡುವವರಿಗೂ ಹೆಚ್ಚುಕಡಿಮೆ ಹೊಂದುತ್ತದೆ.

ಜಾಬ್‌ವರ್ಕ್ ಎಂದರೆ ಪಾರ್ಟಿ ಕೊಟ್ಟ ಡ್ರಾಯಿಂಗ್ ಪ್ರಕಾರ, ಬಹಳಷ್ಟು ಸಲ ಅವರದೇ ಮೆಟೀರಿಯಲ್‌ನಲ್ಲಿ, ಪೀಸ್ ಮಾಡಿಕೊಡುವ ಕೆಲಸ. ಇಲ್ಲಿ ಜಾಹೀರಾತು ನೋಡಿ ಗಿರಾಕಿ ಬರುವುದು ಅಪರೂಪ. ಪರ್ಚೇಸ್ ವಿಭಾಗದಲ್ಲಿ ಕೂತವರಿಗೆ ಇರುವ ದೊಡ್ಡ ಭಯ, ಹೊಸ ವೆಂಡರ್ ಕೈಕೊಟ್ಟರೆ ಅಸೆಂಬ್ಲಿ ಲೈನ್ ನಿಲ್ಲುತ್ತದೆ, ಬೈಗುಳ ತನಗೆ ಬೀಳುತ್ತದೆ ಎನ್ನುವುದು. ಆದ್ದರಿಂದ ಅವರು ಗೂಗಲ್‌ಗಿಂತ ಮೊದಲು ತಮಗೆ ಗೊತ್ತಿರುವ ಒಬ್ಬರಿಗೆ ಫೋನ್ ಮಾಡಿ "ಈ ಥರದ ಕೆಲಸಕ್ಕೆ ಯಾರಾದ್ರೂ ಇದಾರಾ?" ಅಂತ ಕೇಳುತ್ತಾರೆ. ಆ ಫೋನಿನಲ್ಲಿ ನಿಮ್ಮ ಹೆಸರು ಬರಬೇಕು. ನಿಮ್ಮ ಹೆಸರು ಹೇಳಿದವರ ಮಾನ ಹೋಗಬಾರದು. ಈ ವ್ಯವಹಾರದ ಮಟ್ಟಿಗೆ ನೆಟ್‌ವರ್ಕಿಂಗ್ ಅಂದರೆ ಇಷ್ಟೇ. ಮುಂದಿನ ಹಂತಗಳೆಲ್ಲ ಅದಕ್ಕೆ ದಾರಿ.

ಏನೇನು ಬೇಕು? ಹೋದ ವರ್ಷದ ಸೇಲ್ಸ್ ಲೆಡ್ಜರ್, ಉದ್ಯಮ್ ಪ್ರಮಾಣಪತ್ರ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ ಪತ್ರ), ಸರಿಯಾಗಿ ಕಟ್ಟುತ್ತಿರುವ ಜಿಎಸ್‌ಟಿ, ಒಂದು ನೋಟ್‌ಬುಕ್, ವಾರದಲ್ಲಿ ಅರ್ಧ ದಿನ ಶೆಡ್ ಬಿಟ್ಟು ಹೊರಗೆ ಹೋಗುವಷ್ಟು ಬಿಡುವು. ಕೊನೆಯದೇ ಕಷ್ಟ. ಲೋಡ್ ಇದ್ದಾಗ ಬಿಡುವಿರುವುದಿಲ್ಲ. ಲೋಡ್ ಇಲ್ಲದಾಗ ಹೋದರೆ ಅವಸರ ಮುಖದಲ್ಲೇ ಕಾಣುತ್ತದೆ, ಎದುರಿನವರು ರೇಟು ಹಿಂಡುತ್ತಾರೆ. ಹಾಗಾಗಿ ಮೆಷಿನ್ ತುಂಬಿರುವಾಗಲೇ ಹುಡುಕಾಟ ನಡೆಯುತ್ತಿರಬೇಕು.

1. ಲೆಡ್ಜರ್ ತೆರೆಯಿರಿ

ಪಾರ್ಟಿವಾರು ಮಾರಾಟ ಬರೆದುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಒಬ್ಬರಿಂದಲೇ ಬರುತ್ತಿದ್ದರೆ ನೀವು ಸ್ವಂತ ಉದ್ಯಮಿ ಅಲ್ಲ, ಅವರ ಸಂಬಳವಿಲ್ಲದ ನೌಕರ. ಈಗ ಪ್ರತಿ ಪಾರ್ಟಿಯ ಪಕ್ಕದಲ್ಲಿ ಇನ್ನೊಂದು ಲೆಕ್ಕ ಬರೆಯಿರಿ: ಮೆಷಿನ್ ಓಡಿದ ಗಂಟೆಗೆ ಎಷ್ಟು ಸಿಕ್ಕಿತು? ಪೀಸಿಗೆ 40 ರೂಪಾಯಿ ಸಿಗುವ ಕೆಲಸದಲ್ಲಿ ಗಂಟೆಗೆ ಎಂಟು ಪೀಸ್ ಬಂದರೆ 320. ಪೀಸಿಗೆ 18 ರೂಪಾಯಿ ಸಿಗುವ ಕೆಲಸದಲ್ಲಿ ಗಂಟೆಗೆ ಮೂವತ್ತು ಬಂದರೆ 540. ಪೀಸ್ ರೇಟು ನೋಡಿ ಖುಷಿಪಡುವವರು ಈ ಲೆಕ್ಕ ಹಾಕಿರುವುದಿಲ್ಲ. ಸೆಟ್ಟಿಂಗ್, ಅಂದರೆ ಆ ಕೆಲಸಕ್ಕೆ ಮೆಷಿನ್ ಸಜ್ಜು ಮಾಡುವ ಸಮಯವನ್ನೂ ಸೇರಿಸಿಕೊಳ್ಳಿ. ಐದು ಪೀಸಿಗೆ ಎರಡು ಗಂಟೆ ಸೆಟ್ಟಿಂಗ್ ಹೋದರೆ ಆ ಎರಡು ಗಂಟೆಯೂ ನಿಮ್ಮ ಜೇಬಿನಿಂದಲೇ.

ಗಂಟೆಯ ಲೆಕ್ಕದಲ್ಲಿ ಮೇಲೆ ಬಂದ ಎರಡು ಮೂರು ಕೆಲಸಗಳು ಯಾವ ಜಾತಿಯವು ಎಂದು ನೋಡಿ. ಹೊಸ ಪಾರ್ಟಿ ಹುಡುಕಬೇಕಾದ್ದು ಆ ಜಾತಿಯ ಕೆಲಸಕ್ಕೆ. ಮಿಕ್ಕಿದ್ದು ತಾನಾಗಿ ಬಂದರೆ ಬರಲಿ.

2. ಒಂದು ಪುಟದ ಪರಿಚಯ ಪತ್ರ ಮಾಡಿ

ವಿಸಿಟಿಂಗ್ ಕಾರ್ಡಿನಲ್ಲಿ "ಎಲ್ಲಾ ಬಗೆಯ ಪ್ರಿಸಿಷನ್ ಕೆಲಸಗಳನ್ನು ಮಾಡಿಕೊಡಲಾಗುವುದು" ಎಂದಿದ್ದರೆ ಯಾರ ನೆನಪಿನಲ್ಲೂ ನೀವು ಉಳಿಯುವುದಿಲ್ಲ. ಎಲ್ಲರ ಕಾರ್ಡಿನಲ್ಲೂ ಅದೇ ಇದೆ. ಹೀಗೆ ಬರೆದು ನೋಡಿ: "ಎಸ್‌ಎಸ್ 304 ಮತ್ತು 316 ಟರ್ನಿಂಗ್. ವ್ಯಾಸ 20ರಿಂದ 150 ಮಿ.ಮೀ. ಟಾಲರೆನ್ಸ್ 20 ಮೈಕ್ರಾನ್. ಲಾಟ್ 50ರಿಂದ 500 ಪೀಸ್." ಎಸ್‌ಎಸ್ ಎಂದರೆ ಸ್ಟೇನ್‌ಲೆಸ್ ಸ್ಟೀಲ್. ಟರ್ನಿಂಗ್ ಎಂದರೆ ಪೀಸನ್ನು ಲೇತಿನಲ್ಲಿ ತಿರುಗಿಸಿ ಕಡೆಯುವ ಕೆಲಸ. ಟಾಲರೆನ್ಸ್ ಎಂದರೆ ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎನ್ನುವ ಮಿತಿ. ಲಾಟ್ ಎಂದರೆ ಒಮ್ಮೆಗೆ ಮಾಡುವ ಪೀಸುಗಳ ಸಂಖ್ಯೆ. ಇದನ್ನು ಓದಿದ ಪರ್ಚೇಸ್‌ನವರಿಗೆ ನಿಮ್ಮನ್ನು ಯಾವ ಡ್ರಾಯಿಂಗಿಗೆ ಕರೆಯಬೇಕು, ಯಾವುದಕ್ಕೆ ಕರೆಯಬಾರದು ಎರಡೂ ಗೊತ್ತಾಗುತ್ತದೆ.

ಅದೇ ಪುಟದಲ್ಲಿ ಮೆಷಿನ್‌ಗಳ ಪಟ್ಟಿ, ಅವುಗಳ ಕೆಪಾಸಿಟಿ, ಅಳೆಯಲು ಏನಿದೆ (ಮೈಕ್ರೋಮೀಟರ್, ರಂಧ್ರ ಅಳೆಯುವ ಬೋರ್ ಗೇಜ್, ಹೈಟ್ ಗೇಜ್), ಅವು ಸರಿಯಾಗಿ ಅಳೆಯುತ್ತವೆ ಎನ್ನುವ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಎಲ್ಲಿಯವರೆಗೆ ಚಾಲ್ತಿ, ಎಷ್ಟು ಶಿಫ್ಟ್, ಶೆಡ್‌ನ ಲೊಕೇಷನ್, ಉದ್ಯಮ್ ಮತ್ತು ಜಿಎಸ್‌ಟಿ ಸಂಖ್ಯೆ ಇರಲಿ. ಪಿಡಿಎಫ್ ಮಾಡಿ ಫೋನಿನಲ್ಲಿಟ್ಟುಕೊಳ್ಳಿ. ಮೆಷಿನ್ ಪಟ್ಟಿಗಿಂತ ಹೆಚ್ಚಾಗಿ ಅಳೆಯುವ ಸಾಮಾನಿನ ಪಟ್ಟಿಯನ್ನೇ ಓದುವ ಕ್ವಾಲಿಟಿಯವರನ್ನು ಕಂಡಿದ್ದೇನೆ.

ಎಚ್ಚರಿಕೆ: ಫೋಟೋ ಹಾಕುವ ಉಮೇದಿನಲ್ಲಿ ಈಗಿನ ಪಾರ್ಟಿಯ ಪೀಸ್, ಡ್ರಾಯಿಂಗ್, ಅವರ ಲೋಗೊ ಹಾಕಬೇಡಿ. ಹೊಸಬರು ಅದನ್ನು ನೋಡಿ ಮೆಚ್ಚುವುದಿಲ್ಲ. "ನಾಳೆ ನಮ್ಮ ಡ್ರಾಯಿಂಗನ್ನೂ ಹೀಗೇ ತೋರಿಸ್ತಾನೆ" ಎಂದುಕೊಳ್ಳುತ್ತಾರೆ. ಗೌಪ್ಯತೆಯ ಕರಾರಿಗೆ ಸಹಿ ಹಾಕಿದ್ದರಂತೂ ಕಾನೂನಿನ ತೊಂದರೆಯೂ ಉಂಟು. ತೋರಿಸಲೆಂದೇ ಒಂದೆರಡು ಸ್ಯಾಂಪಲ್ ಪೀಸ್ ಮಾಡಿಟ್ಟುಕೊಳ್ಳಿ.

3. ಕಾಗದ ಪತ್ರ

ಇದನ್ನು ಬೇಗ ಮುಗಿಸೋಣ. ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ. ಆಧಾರ್, ಪ್ಯಾನ್ ಸಾಕು, ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಸರ್ಕಾರಿ ಪೋರ್ಟಲ್‌ನಂತೆಯೇ ಕಾಣುವ ಖಾಸಗಿ ವೆಬ್‌ಸೈಟುಗಳು ದುಡ್ಡು ಕೇಳುತ್ತವೆ. ವಿಳಾಸದ ಕೊನೆಗೆ 'ಡಾಟ್ ಗವ್ ಡಾಟ್ ಇನ್' ಇದೆಯೇ ಎಂದು ನೋಡಿಕೊಳ್ಳಿ. 2025ರ ಏಪ್ರಿಲ್ 1ರಿಂದ ಮಿತಿಗಳು ಬದಲಾಗಿವೆ: ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ಮೀರದಿದ್ದರೆ ನೀವು ಮೈಕ್ರೊ, ಅಂದರೆ ಅತಿಸಣ್ಣ ಉದ್ಯಮ.

ಜಿಎಸ್‌ಟಿಆರ್-1, ಅಂದರೆ ಮಾರಾಟದ ರಿಟರ್ನ್ ತಡವಾದರೆ ನಿಮ್ಮ ಬಿಲ್ಲು ಆ ತಿಂಗಳು ಪಾರ್ಟಿಯ ಜಿಎಸ್‌ಟಿಆರ್-2ಬಿಯಲ್ಲಿ (ಅವರ ಖರೀದಿಯ ಪಟ್ಟಿಯಲ್ಲಿ) ಕಾಣುವುದಿಲ್ಲ, ಅವರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಗೆ ಕಟ್ಟಿದ ತೆರಿಗೆಯ ವಜಾ ಸಿಗುವುದಿಲ್ಲ. ಇದೊಂದೇ ಕಾರಣಕ್ಕೆ ಒಳ್ಳೆಯ ವೆಂಡರ್‌ಗಳನ್ನು ಅಕೌಂಟ್ಸ್‌ನವರು ಕೈಬಿಡಿಸುತ್ತಾರೆ.

4. ಲೋಡ್ ಎಲ್ಲಿದೆ ಎಂದು ಗೊತ್ತಿರುವವರ ಬಳಿಗೆ ಹೋಗಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಸಾಧ್ಯ ಎನ್ನುವವರು ಇದನ್ನು ಮಾಡಿ.

ನಿಮ್ಮ ಕೆಲಸಕ್ಕೆ ತಾಗಿಕೊಂಡಿರುವ, ಆದರೆ ನಿಮಗೆ ಪೈಪೋಟಿ ಅಲ್ಲದ ಕಸುಬುಗಳ ಪಟ್ಟಿ ಮಾಡಿ. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಗ್ರೈಂಡಿಂಗ್, ವೈರ್‌ಕಟ್, ಮೆಟೀರಿಯಲ್ ಅಂಗಡಿ, ಟೂಲ್ಸ್ ಮಾರುವವರು, ಮೆಷಿನ್ ಸರ್ವಿಸ್ ಎಂಜಿನಿಯರ್, ಕ್ಯಾಲಿಬ್ರೇಷನ್ ಲ್ಯಾಬ್, ಬಾಡಿಗೆ ಟೆಂಪೊ ಓಡಿಸುವವರು. ಇವರು ದಿನವೂ ಹತ್ತಾರು ಶೆಡ್ಡಿನ ಒಳಗೆ ಹೋಗಿ ಬರುತ್ತಾರೆ. ಇನ್ಸರ್ಟ್ ಮಾರುವ ಹುಡುಗನನ್ನೇ ತೆಗೆದುಕೊಳ್ಳಿ. ಇನ್ಸರ್ಟ್ ಎಂದರೆ ಲೇತಿನಲ್ಲಿ ಲೋಹ ಕತ್ತರಿಸುವ, ಸವೆದ ಮೇಲೆ ಬದಲಿಸುವ ಸಣ್ಣ ತುಂಡು. ತಿಂಗಳಿಗೆ ಎರಡು ಬಾಕ್ಸ್ ಕೊಳ್ಳುತ್ತಿದ್ದ ಶೆಡ್ ಇದ್ದಕ್ಕಿದ್ದಂತೆ ಆರು ಕೊಳ್ಳತೊಡಗಿದರೆ ಅಲ್ಲಿ ಲೋಡ್ ಏರಿದೆ ಎಂದೇ ಅರ್ಥ. ಅದು ಅವನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

"ಏನಾದ್ರೂ ಕೆಲಸ ಇದ್ರೆ ಹೇಳಿ ಸರ್" ಎನ್ನಬೇಡಿ. ಅದು ಕೇಳಿದ ಕೂಡಲೇ ಮರೆತುಹೋಗುವ ಮಾತು. ಪ್ಲೇಟಿಂಗ್‌ನವರ ಹತ್ತಿರ ಹೀಗೆ ಹೇಳಿ ನೋಡಿ: "ಅಣ್ಣಾ, ನಿಮ್ಮಲ್ಲಿಗೆ ಹಾರ್ಡ್ ಕ್ರೋಮಿಗೆ ಇಎನ್8 ಶಾಫ್ಟ್ ಬರ್ತವಲ್ಲ. ಟರ್ನಿಂಗ್‌ನವ್ರು ಲೇಟ್ ಮಾಡ್ತಿದಾರೆ ಅಂತ ಯಾರಾದ್ರೂ ಗೋಳಾಡಿದ್ರೆ ನನ್ನ ನಂಬರ್ ಕೊಡಿ. ನೂರು ಪೀಸ್ ಒಳಗಿನ ಲಾಟ್ ಆದ್ರೆ ಈ ವಾರವೇ ತಗೋತೀನಿ." ಇದರಲ್ಲಿ ಪೀಸ್ (ಇಎನ್8 ಎನ್ನುವ ಉಕ್ಕಿನ ಶಾಫ್ಟ್) ಇದೆ, ಸಂದರ್ಭ ಇದೆ, ಮಿತಿ ಇದೆ. ಅಂಥ ಗೋಳು ಕಿವಿಗೆ ಬಿದ್ದಾಗ ನಿಮ್ಮ ಮುಖ ನೆನಪಾಗುತ್ತದೆ.

ಪಕ್ಕದ ಶೆಡ್ಡಿನವರನ್ನೂ ಮರೆಯಬೇಡಿ. ನಿಮ್ಮದೇ ಕೆಲಸ ಮಾಡುವವರೇ ಎಷ್ಟೋ ಸಲ ಮೊದಲ ಹೊಸ ಪಾರ್ಟಿ ಆಗುತ್ತಾರೆ. ಅವರಿಗೆ ಲೋಡ್ ಜಾಸ್ತಿಯಾದಾಗ, ಮೆಷಿನ್ ಬ್ರೇಕ್‌ಡೌನ್ ಆದಾಗ ಕೆಲಸ ಹೊರಗೆ ಕೊಡಲೇಬೇಕು. ಆದರೆ ಇಲ್ಲಿ ಮೀರಬಾರದ ಗೆರೆಯೊಂದಿದೆ. ಅವರ ಮೂಲಕ ಬಂದ ಕೆಲಸದ ಮೂಲ ಪಾರ್ಟಿಯ ಬಾಗಿಲಿಗೆ ಅವರನ್ನು ಬಿಟ್ಟು ನೀವು ಹೋಗುವ ಹಾಗಿಲ್ಲ. ಪಾರ್ಟಿಯೇ ಫೋನ್ ಮಾಡಿದರೂ ಮೊದಲು ಇವರಿಗೆ ತಿಳಿಸಿ. ಪಾರ್ಟಿ ಹಾರಿಸಿದ ಸುದ್ದಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಂಜೆಯ ಟೀ ಹೊತ್ತಿಗೆ ಎಲ್ಲ ಕ್ರಾಸಿಗೂ ಮುಟ್ಟಿರುತ್ತದೆ.

ಇನ್ನೂ ಎರಡು ಹಳ್ಳಗಳಿವೆ. ಒಂದು, ಮೂರು ತಿಂಗಳಿಂದ ನೀವು ಬಾಕಿ ಇಟ್ಟಿರುವ ಪ್ಲೇಟಿಂಗ್‌ನವರು ನಿಮ್ಮನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಸಣ್ಣವರ ಬಿಲ್ಲನ್ನು ಮೊದಲು ತೀರಿಸಿ. ಎರಡು, ಕಮಿಷನ್. ನಿಮ್ಮನ್ನು ಪರಿಚಯಿಸಿದ ಹೊರಗಿನ ವ್ಯಕ್ತಿಗೆ ಬಿಲ್ ಪಡೆದು ಬಹಿರಂಗವಾಗಿ ದಲ್ಲಾಳಿ ಹಣ ಕೊಡುವುದು ಬೇರೆ, ಪಾರ್ಟಿಯ ಪರ್ಚೇಸ್ ನೌಕರನ ಕೈಗೆ ಕವರ್ ಇಡುವುದು ಬೇರೆ. ಎರಡನೆಯದು ತಪ್ಪು ಎನ್ನುವುದು ಹಾಗಿರಲಿ, ಲೆಕ್ಕದಲ್ಲೂ ನಷ್ಟ. ಆತ ಕೆಲಸ ಬಿಟ್ಟ ದಿನ ನಿಮ್ಮ ಆರ್ಡರ್ ಕೂಡ ಹೋಗುತ್ತದೆ. ಅವನ ಜಾಗಕ್ಕೆ ಬಂದವರು ನಿಮ್ಮನ್ನು ನೋಡುವ ರೀತಿಯೇ ಬೇರೆಯಾಗಿರುತ್ತದೆ.

5. ಸಂಘಕ್ಕೆ ಸೇರಿ, ಆದರೆ ಕೆಲಸ ಮಾಡಲು

ಕಾಸಿಯಾ 1949ರಿಂದ ಇರುವ ರಾಜ್ಯಮಟ್ಟದ ಸಣ್ಣ ಕೈಗಾರಿಕೆಗಳ ಸಂಘ. ಪೀಣ್ಯ, ಬೊಮ್ಮಸಂದ್ರದಂಥ ಪ್ರದೇಶಗಳಿಗೆ ಅವುಗಳದೇ ಸಂಘಗಳಿವೆ. ಮಹಿಳಾ ಉದ್ಯಮಿಗಳಿಗೆ 1983ರಲ್ಲಿ ಶುರುವಾದ ಅವೇಕ್ ಇದೆ. ಸದಸ್ಯತ್ವದ ಫೀಸು ಕಟ್ಟಿ, ವರ್ಷಕ್ಕೊಮ್ಮೆ ಸಭೆಗೆ ಹೋಗಿ ಊಟ ಮಾಡಿ ಬಂದರೆ ಏನೂ ಆಗುವುದಿಲ್ಲ. ಯಾವುದಾದರೂ ಸಣ್ಣ ಸಮಿತಿಯ ಕೆಲಸ ಹೊತ್ತುಕೊಳ್ಳಿ: ವಿದ್ಯುತ್ ದೂರು, ರಸ್ತೆ, ತರಬೇತಿ, ಏನಾದರೂ. ಹೇಳಿದ ದಿನ ಹೇಳಿದ ಕೆಲಸ ಮುಗಿಸುವವರೋ ಅಲ್ಲವೋ ಎನ್ನುವುದು ಜೊತೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತಾಗುತ್ತದೆ. ಡೆಲಿವರಿ ವಿಷಯದಲ್ಲಿ ಪಾರ್ಟಿಗೆ ತಿಳಿಯಬೇಕಾದ್ದೂ ಅದೇ.

ವಾರಕ್ಕೊಮ್ಮೆ ಬೆಳಗಿನ ತಿಂಡಿಗೆ ಸೇರಿ ಒಬ್ಬರಿಗೊಬ್ಬರು ಗಿರಾಕಿ ಕೊಡಿಸುವ ರೆಫರಲ್ ಕ್ಲಬ್‌ಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಫೀಸು ಕಟ್ಟುವ ಮೊದಲು ಸದಸ್ಯರ ಪಟ್ಟಿ ಕೇಳಿ ಪಡೆಯಿರಿ. ಲೋಹದಿಂದ ಏನನ್ನಾದರೂ ತಯಾರಿಸುವವರು, ಅಂಥವರಿಗೆ ಮಾರುವವರು ಎಷ್ಟು ಜನ? ಇಂಟೀರಿಯರ್, ವಿಮೆ, ಫೋಟೋಗ್ರಫಿಯವರೇ ತುಂಬಿದ್ದರೆ ಅವರಿಗೆ ಅದು ಒಳ್ಳೆಯ ಕ್ಲಬ್, ನಿಮಗಲ್ಲ. ಅತಿಥಿಯಾಗಿ ಒಂದು ಸಲ ಹೋಗಿ ನೋಡಲು ಸಾಮಾನ್ಯವಾಗಿ ಬಿಡುತ್ತಾರೆ.

6. ಎಕ್ಸಿಬಿಷನ್‌ನಲ್ಲಿ ಸ್ಟಾಲ್ ಬೇಡ, ಕಾಲು ಸಾಕು

ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಎಕ್ಸಿಬಿಷನ್ ಕೇಂದ್ರದಲ್ಲಿ ಜನವರಿಯಲ್ಲಿ ಇಮ್ಟೆಕ್ಸ್ ಎನ್ನುವ ಮೆಷಿನ್‌ಗಳ ಪ್ರದರ್ಶನ ನಡೆಯುತ್ತದೆ. ಒಂದು ವರ್ಷ ಮೆಟಲ್ ಕಟಿಂಗ್, ಮರುವರ್ಷ ಫಾರ್ಮಿಂಗ್ (ಲೋಹವನ್ನು ಒತ್ತಿ, ಬಾಗಿಸಿ ರೂಪಿಸುವುದು). 2024ರ ನವೆಂಬರಿನಿಂದ ಹಸಿರು ಮೆಟ್ರೊ ಮಾದಾವರದವರೆಗೆ ಬಂದಿರುವುದರಿಂದ ನಾಗಸಂದ್ರದಲ್ಲಿಳಿದು ಆಟೊಗೆ ಪರದಾಡುವ ಕಷ್ಟ ತಪ್ಪಿದೆ. ಬಹಳ ಜನ ಅಲ್ಲಿ ಹೊಸ ಮೆಷಿನ್ ನೋಡಿ, ಚೀಲ ತುಂಬ ಕ್ಯಾಟಲಾಗ್ ತುಂಬಿಕೊಂಡು ಬರುತ್ತಾರೆ. ನೀವು ಹೋಗುವ ಉದ್ದೇಶ ಬೇರೆ. ಸ್ಟಾಲಿನಲ್ಲಿ ನಿಂತಿರುವ ಮೆಷಿನ್, ಟೂಲ್ ಕಂಪನಿಗಳ ಅಪ್ಲಿಕೇಷನ್ ಎಂಜಿನಿಯರ್‌ಗಳಿಗೆ ಯಾವ ಕಂಪನಿ ಯಾವ ಹೊಸ ಪ್ರಾಜೆಕ್ಟ್ ಹಿಡಿದಿದೆ ಎನ್ನುವ ಸುಳಿವು ಇರುತ್ತದೆ. ಮಧ್ಯಾಹ್ನ ಜನಜಂಗುಳಿಯಲ್ಲಿ ಅವರ ಜೊತೆ ಎರಡು ಮಾತೂ ಆಗುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಮೊದಲ ಒಂದು ಗಂಟೆಯಲ್ಲಿ ಹಿಡಿಯಿರಿ.

ಕಾರ್ಡ್ ಸಿಕ್ಕ ಕೂಡಲೇ ಅದರ ಹಿಂದೆ ಏನು ಮಾತಾಯಿತು ಎಂದು ಒಂದು ಸಾಲು ಬರೆಯಿರಿ. ಮೂರು ದಿನದೊಳಗೆ ಆ ಒಂದು ಸಾಲನ್ನು ನೆನಪಿಸಿ, ಪರಿಚಯ ಪತ್ರ ಲಗತ್ತಿಸಿ ಸಂದೇಶ ಕಳಿಸಿ. ವಾರ ಕಳೆದರೆ ನಿಮ್ಮನ್ನು ಅವರು ಮರೆತಿರುತ್ತಾರೆ. ಸ್ವಂತ ಸ್ಟಾಲ್ ಹಾಕುವ ಆಸೆಯಿದ್ದರೆ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮ) ಸಚಿವಾಲಯದ ಮಾರುಕಟ್ಟೆ ನೆರವಿನ ಯೋಜನೆಯಲ್ಲಿ ಬಾಡಿಗೆಗೆ ಸಹಾಯಧನ ಸಿಗುತ್ತದೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಮೊದಲ ವರ್ಷವೇ ಬೇಡ ಎನ್ನುವುದು ನನ್ನ ಅಭಿಪ್ರಾಯ.

7. ಫೋನಿನ ಮಟ್ಟಿಗೆ

ಗೂಗಲ್ ಮ್ಯಾಪ್‌ನಲ್ಲಿ ಶೆಡ್ ಇರಲಿ, ಹೆಸರಿನ ಜೊತೆ ಯಾವ ಕೆಲಸ ಎನ್ನುವುದೂ ಇರಲಿ. ಟೆಂಪೊದವರಿಗೆ ದಾರಿ ತೋರಿಸಲಾದರೂ ಅದು ಬೇಕು. ಬಿ2ಬಿ ಪೋರ್ಟಲ್‌ಗಳಲ್ಲಿ ದುಡ್ಡು ಕೊಟ್ಟು ಪಡೆಯುವ ಎನ್‌ಕ್ವೈರಿ ಒಂದೇ ಹೊತ್ತಿಗೆ ಹಲವರಿಗೆ ಹೋಗುತ್ತದೆ, ಅಲ್ಲಿ ಗೆಲ್ಲುವುದು ಕಡಿಮೆ ರೇಟು. ಉಚಿತ ಪ್ರೊಫೈಲ್‌ನಲ್ಲಿ ಮೂರು ತಿಂಗಳು ನೋಡಿ, ಆಮೇಲೆ ದುಡ್ಡು ಕಟ್ಟುವ ಯೋಚನೆ ಮಾಡಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಕಳಿಸುವವರ ಸಂದೇಶವನ್ನು ಯಾರೂ ತೆರೆಯುವುದಿಲ್ಲ. "ವಿಎಂಸಿ 20ನೇ ತಾರೀಕಿನಿಂದ ಖಾಲಿ, ಟೇಬಲ್ 800x500, ಅಲ್ಯೂಮಿನಿಯಂ ಕೆಲಸಕ್ಕೆ ಆದ್ಯತೆ" ಎನ್ನುವ ಒಂದೇ ಸಾಲನ್ನು ತೆರೆಯುತ್ತಾರೆ. (ವಿಎಂಸಿ ಎಂದರೆ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್.)

8. ದೊಡ್ಡ ಕಂಪನಿ, ಸರ್ಕಾರಿ ಕಂಪನಿ

ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ನಮ್ಮಲ್ಲೇ ಇವೆ. ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ 25ನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು, ಅದರೊಳಗೆ ಶೇ 3 ಮಹಿಳೆಯರ ಉದ್ಯಮಗಳಿಂದ, ಶೇ 4 ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಂದ ಎನ್ನುವ ನೀತಿ ಇದೆ. ಟೆಂಡರ್ ಹಾಕುವಾಗ ಇಎಂಡಿ, ಅಂದರೆ ಮುಂಗಡ ಠೇವಣಿಯಿಂದ ವಿನಾಯಿತಿಯೂ ಉಂಟು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ 2016ರಿಂದ ನಡೆಯುತ್ತಿದೆ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿರುವ ಎಂಎಸ್‌ಎಂಇ ಅಭಿವೃದ್ಧಿ ಕಚೇರಿ ನಡೆಸುವ ವೆಂಡರ್ ಅಭಿವೃದ್ಧಿ ಕಾರ್ಯಕ್ರಮಗಳಿಗೆ ಇಂಥ ಕಂಪನಿಗಳ ಅಧಿಕಾರಿಗಳೇ ಬಂದು ತಮಗೆ ಏನು ಬೇಕು ಎಂದು ಹೇಳುತ್ತಾರೆ.

ಆದರೆ ಇಎಂಐ ಕಟ್ಟಲು ಈ ತಿಂಗಳೇ ಲೋಡ್ ಬೇಕಿರುವವರಿಗೆ ಇದು ದಾರಿಯಲ್ಲ. ನೋಂದಣಿ, ಆಡಿಟ್, ಸ್ಯಾಂಪಲ್, ಒಪ್ಪಿಗೆ ಎಂದು ತಿಂಗಳುಗಳೇ ಹಿಡಿಯುತ್ತವೆ. ಅದಕ್ಕಿಂತ ಈಗಾಗಲೇ ಅಲ್ಲಿಗೆ ನೇರವಾಗಿ ಪೂರೈಸುತ್ತಿರುವ ಟಿಯರ್-1 ವೆಂಡರ್‌ಗಳನ್ನು ಹುಡುಕಿ ಅವರ ಕೆಳಗೆ ಕೆಲಸ ಮಾಡಿ. ಅವರ ಕ್ವಾಲಿಟಿ ಪದ್ಧತಿ, ದಾಖಲೆ ಇಡುವ ಕ್ರಮ ನಿಮಗೂ ರೂಢಿಯಾಗುತ್ತದೆ.

ಎಚ್ಚರಿಕೆ: "ವೆಂಡರ್ ಕೋಡ್ ಮಾಡಿಸಿಕೊಡ್ತೀನಿ, ಇಷ್ಟು ಕೊಡಿ" ಎಂದು ಬರುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

9. ಎನ್‌ಕ್ವೈರಿ ಬಂತು, ಈಗ?

ಇಷ್ಟು ಓಡಾಡಿ ಸಂಪಾದಿಸಿದ ಪರಿಚಯವನ್ನು ಬಹಳ ಜನ ಇಲ್ಲೇ ಕಳೆದುಕೊಳ್ಳುವುದು. ಡ್ರಾಯಿಂಗ್ ಬಂದ ದಿನವೇ "ಸಿಕ್ಕಿದೆ, ನಾಳೆ ಸಂಜೆಯೊಳಗೆ ಕೊಟೇಷನ್ ಕಳಿಸ್ತೀನಿ" ಎಂದು ಉತ್ತರಿಸಿ. ಮಾಡಲಾಗದ ಕೆಲಸವಾದರೆ ಅದನ್ನೂ ಅದೇ ದಿನ ಹೇಳಿ. ಬೇಗ "ಆಗಲ್ಲ" ಎಂದವರಿಗೆ ಮುಂದಿನ ಡ್ರಾಯಿಂಗ್ ಬರುತ್ತದೆ. ವಾರಗಟ್ಟಲೆ ಸುಮ್ಮನಿದ್ದವರಿಗೆ ಬರುವುದಿಲ್ಲ.

ಕೊಟೇಷನ್ ಕೊಡುವ ಮುನ್ನ ಡ್ರಾಯಿಂಗ್ ಮೇಲೆ ಕನಿಷ್ಠ ಒಂದು ಪ್ರಶ್ನೆ ಕೇಳಿ. "ಈ ಬೋರಿಗೆ 10 ಮೈಕ್ರಾನ್ ಹಾಕಿದ್ದೀರಿ, ಬೇರಿಂಗ್ ಕೂರುತ್ತಾ? ಇಲ್ಲ ಅಂದ್ರೆ 30ಕ್ಕೆ ಬಿಟ್ರೆ ರೇಟು ಇಳಿಸಬಹುದು." ಇಂಥ ಒಂದು ಪ್ರಶ್ನೆಯಲ್ಲೇ ಡಿಸೈನ್‌ನವರಿಗೆ ನೀವು ಡ್ರಾಯಿಂಗ್ ಓದಬಲ್ಲಿರಿ ಎಂದು ತಿಳಿಯುತ್ತದೆ. ಕೊಟೇಷನ್‌ನಲ್ಲಿ ಮೆಟೀರಿಯಲ್ ಯಾರದು, ಸ್ಕ್ರ್ಯಾಪ್ ಯಾರದು, ಸಾಗಣೆ ಯಾರದು, ರೇಟು ಎಲ್ಲಿಯವರೆಗೆ, ಹಣ ಎಷ್ಟು ದಿನಕ್ಕೆ ಎನ್ನುವುದು ಬರಹದಲ್ಲಿರಲಿ. ಸ್ಕ್ರ್ಯಾಪ್ ವಿಷಯ ಬಾಯಿಮಾತಿನಲ್ಲಿ ಬಿಟ್ಟರೆ ಜಗಳ ಖಂಡಿತ.

ಮೊದಲ ಆರ್ಡರ್ ಹಿಡಿಯಲು ನಷ್ಟಕ್ಕೆ ರೇಟು ಕೊಡಬೇಡಿ. ಆಮೇಲೆ ಏರಿಸಲು ಆಗುವುದಿಲ್ಲ, ಅದೇ ನಿಮ್ಮ ರೇಟು ಎಂದು ಅವರ ಕಡತದಲ್ಲಿ ಕೂತುಬಿಡುತ್ತದೆ. ರಿಯಾಯಿತಿ ಕೊಡಲೇಬೇಕು ಎನಿಸಿದರೆ ಸ್ಯಾಂಪಲ್ ಪೀಸನ್ನು ಉಚಿತವಾಗಿ ಮಾಡಿಕೊಡಿ. ಅದರ ಜೊತೆ ಕೇಳದಿದ್ದರೂ ಇನ್‌ಸ್ಪೆಕ್ಷನ್ ರಿಪೋರ್ಟ್ ಕಳಿಸಿ: ಡ್ರಾಯಿಂಗಿನ ಪ್ರತಿ ಅಳತೆ, ಪಕ್ಕದಲ್ಲಿ ನೀವು ಅಳೆದದ್ದು. ಒಂದು ಅಳತೆ ಮಿತಿ ದಾಟಿದ್ದರೆ ಮುಚ್ಚಿಡದೆ ಗುರುತು ಹಾಕಿಯೇ ಕಳಿಸಿ. ಅವರ ಕ್ವಾಲಿಟಿಯವರು ಹೇಗೂ ಹಿಡಿಯುತ್ತಾರೆ.

ಆರ್ಡರ್ ಬಂದರೆ ಪರಿಚಯಿಸಿದವರಿಗೆ ಫೋನ್ ಮಾಡಿ ತಿಳಿಸಿ, ಬರದಿದ್ದರೂ ತಿಳಿಸಿ. ತಾವು ಕೊಟ್ಟ ಹೆಸರು ಏನಾಯಿತು ಎಂದು ಅವರಿಗೆ ಗೊತ್ತಾಗಬೇಕು. ಆಯುಧ ಪೂಜೆಗೆ ಶೆಡ್ಡಿಗೆ ಕರೆಯುವವರ ಪಟ್ಟಿಯಲ್ಲಿ ಇವರ ಹೆಸರೂ ಇರಲಿ. ಮೆಷಿನ್ ತೊಳೆದು, ನೆಲ ಒರೆಸಿ, ಶೆಡ್ ವರ್ಷದಲ್ಲೇ ಚೆನ್ನಾಗಿ ಕಾಣುವ ದಿನ ಅದು. ಎನ್‌ಕ್ವೈರಿ ಹಂತದಲ್ಲಿರುವ ಪಾರ್ಟಿಯನ್ನು ಒಳಗೆ ಕರೆದು ತೋರಿಸಲೂ ಒಳ್ಳೆಯ ನೆಪ.

10. ಸಾಲ ಕೊಡುವ ಮುನ್ನ

ಹೊಸ ಪಾರ್ಟಿ ಎಂದರೆ ಹೊಸ ಉದ್ದರಿ ಎಂದೂ ಅರ್ಥ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ಸಂಖ್ಯೆ ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೇ, ರಿಟರ್ನ್ ಯಾವ ತಿಂಗಳವರೆಗೆ ಸಲ್ಲಿಸಿದ್ದಾರೆ ಎಂದು ಯಾರು ಬೇಕಾದರೂ ನೋಡಬಹುದು. ಎರಡು ಮೂರು ತಿಂಗಳು ಬಾಕಿ ಇದ್ದರೆ ಮುಂಗಡ ಕೇಳಿ. ನಾಲ್ಕನೇ ಹಂತದ ಪ್ಲೇಟಿಂಗ್‌ನವರು, ಮೆಟೀರಿಯಲ್ ಅಂಗಡಿಯವರು ಇಲ್ಲೂ ಉಪಯೋಗಕ್ಕೆ ಬರುತ್ತಾರೆ. ಯಾರು ದುಡ್ಡು ಎಳೆದಾಡಿಸುತ್ತಾರೆ ಎನ್ನುವುದು ಅವರಿಗೆ ಬಾಯಿಪಾಠ.

ಬಾಯಿಮಾತಿನ ಆರ್ಡರಿಗೆ ಮೆಷಿನ್ ಸೆಟ್ ಮಾಡಬೇಡಿ, ಪರ್ಚೇಸ್ ಆರ್ಡರ್ ಬರಲಿ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮಕ್ಕೆ ಬರಹದ ಕರಾರು ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಕರಾರು ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ತಡವಾಗಿ ಕೊಟ್ಟ ಹಣವನ್ನು ಆ ವರ್ಷದ ಖರ್ಚಾಗಿ ತೋರಿಸಲು ಪಾರ್ಟಿಗೆ ಆದಾಯ ತೆರಿಗೆಯಲ್ಲೂ ತೊಡಕಾಗುತ್ತದೆ, ಹಾಗಾಗಿ ಮಾರ್ಚ್ ಹತ್ತಿರವಾದಂತೆ ಅವರ ಆಡಿಟರೇ ಬಾಕಿ ಪಟ್ಟಿ ಕೇಳುತ್ತಾರೆ. ಫೆಬ್ರವರಿಯಲ್ಲಿ ಎಲ್ಲ ಪಾರ್ಟಿಗಳಿಗೂ ಬಾಕಿಯ ಸ್ಟೇಟ್‌ಮೆಂಟ್ ಜೊತೆ ಉದ್ಯಮ್ ಪ್ರಮಾಣಪತ್ರದ ಪ್ರತಿಯನ್ನು ವಿನಯದ ಒಂದು ಪತ್ರವಿಟ್ಟು ಕಳಿಸಿಬಿಡಿ. ಬಾಕಿ ಹಣಕ್ಕಾಗಿ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡುವ ದಾರಿಯೂ ಇದೆ. ಆದರೆ ದೂರು ಕೊಟ್ಟ ಪಾರ್ಟಿಯಿಂದ ಮತ್ತೆ ಆರ್ಡರ್ ನಿರೀಕ್ಷಿಸಬೇಡಿ, ಆ ಸಂಬಂಧ ಮುಗಿಯಿತು ಎಂದು ತೀರ್ಮಾನಿಸಿದ ಮೇಲೆಯೇ ಅಲ್ಲಿಗೆ ಹೋಗಿ.